ಗೇರೆಣ್ಣೆ ಬಳಿದ ಕೋಣೆ

ಅಬ್ಬಾಸಿಯಾ, ಕುವೈತ್
ಶುಕ್ರವಾರ ಕಳೆದು ಶನಿವಾರವಾಗಿದೆ

ರಾಜಿ,

ಇಲ್ಲಿ ಎರಡು ಗಂಟೆ ಹತ್ತು ನಿಮಿಷ. ಉಗುರು ಚರ್ಮವನ್ನು ಕೆರೆಯುವ ಸದ್ದಿಗೆ ಎಚ್ಚರವಾಯಿತು. ಮೊದಲು ಇಲಿ ಎಂದುಕೊಂಡೆ. ಆಮೇಲೆ ಮಗು ಎದ್ದು ಹಾಸಿಗೆಯ ಬಟ್ಟೆಯನ್ನು ಪರಚುತ್ತಿದೆ ಎಂದುಕೊಂಡೆ. ಮಗು ಬಾಯಿ ತೆರೆದುಕೊಂಡು ಒಳ್ಳೆಯ ನಿದ್ದೆಯಲ್ಲಿತ್ತು. ಕೆರೆಯುತ್ತಿದ್ದವರು ಶಿಹಾಬ್, ನನ್ನ ಗಂಡ. ನಿದ್ದೆಯಲ್ಲೇ ಬಲಗೈಯಿಂದ ಎಡಗೈಯ ಮಣಿಕಟ್ಟನ್ನು, ಆಮೇಲೆ ಎಡಗೈಯಿಂದ ಬಲಗೈಯದನ್ನು, ಒಂದೇ ಸಮನೆ. ಮೊಬೈಲಿನ ಬೆಳಕು ಹಿಡಿದು ನೋಡಿದೆ. ಕೈಗವಸು ಮುಗಿಯುವ ಜಾಗದಲ್ಲಿ ಬಳೆ ತೊಟ್ಟ ಹಾಗೆ ಸುತ್ತಲೂ ಕೆಂಪಗೆ ಬಾತಿದೆ. ನಡುನಡುವೆ ನೀರು ತುಂಬಿದ ಸಣ್ಣ ಗುಳ್ಳೆಗಳು. ಆ ಗುಳ್ಳೆ ಯಾವುದರದ್ದೆಂದು ನನಗೆ ಗೊತ್ತು. ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಗೇರೆಣ್ಣೆಯದ್ದು, ಗೇರುಬೀಜದ ಸಿಪ್ಪೆಯ ಎಣ್ಣೆಯದ್ದು.

ನಾನು ಝುಹ್ರಾ. ಪಿಯುಸಿ ಓದುವಾಗ ಮಂಗಳೂರಿನ ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದವಳು, ನಿನ್ನ ರೆಕಾರ್ಡ್ ಪುಸ್ತಕದಲ್ಲಿ ಕಪ್ಪೆಯ ಚಿತ್ರ ಬರೆದುಕೊಟ್ಟವಳು, ಹತ್ತು ವರ್ಷಗಳಿಂದ ನಿನ್ನ ಒಂದು ಸಂದೇಶಕ್ಕೂ ಉತ್ತರ ಕೊಡದವಳು. ನಮ್ಮ ಕ್ಲಾಸಿನ ಸ್ಟ್ಯಾನಿಯಿಂದ ನಿನ್ನ ಹೊಸ ನಂಬರು ತೆಗೆದುಕೊಂಡು ಎಂಟು ತಿಂಗಳಾಯಿತು. ಮಗಳು ಹುಟ್ಟಿದಾಗ ಫೋಟೊ ಕಳುಹಿಸಬೇಕೆಂದಿದ್ದೆ, ಕಳುಹಿಸಲಿಲ್ಲ. ಈಗ ಮೂರು ಸಲ ಕರೆ ಮಾಡಿದೆ. ರಿಂಗ್ ಆಗುತ್ತದೆ, ನೀನು ಎತ್ತುವುದಿಲ್ಲ. ಗುರುತಿಲ್ಲದ ಹೊರದೇಶದ ನಂಬರನ್ನು ನಸುಕಿನಲ್ಲಿ ಯಾರು ಎತ್ತುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆಕೋಣೆಯ ನೆಲದಲ್ಲಿ, ಗ್ಯಾಸ್ ಸಿಲಿಂಡರಿಗೆ ಒರಗಿ ಕೂತಿದ್ದೇನೆ. ನಮಗಿರುವುದು ಒಂದೇ ಕೋಣೆ, ದೀಪ ಹಾಕಿದರೆ ಮಗು ಏಳುತ್ತಾಳೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಗೇರೆಣ್ಣೆ ಬಳಿದು ನಾಲ್ಕೇ ದಿನವಾದ ಮರದ ಕೋಣೆಯೊಳಗೆ ಬೇಟೆಯ ಗಿಡುಗವೊಂದನ್ನು ಬಿಡಬಹುದೇ? ಇವತ್ತು ಬೆಳಿಗ್ಗೆ ಐದು ಗಂಟೆಗೆ, ಇಲ್ಲಿಯ ಐದು ಗಂಟೆಗೆ, ಬಿಡುತ್ತಾರೆ. ಬಿಟ್ಟರೆ ಮೂರು ತಿಂಗಳು ಅದು ಅಲ್ಲೇ ಇರಬೇಕು. ಕೋಣೆ ಕಟ್ಟಿದವರು ಶಿಹಾಬ್. ನಕ್ಷೆ ನನ್ನದು. ಎಣ್ಣೆಯ ಉಪಾಯವೂ ನನ್ನದೇ.

ನಿನಗೆ ತಲೆಬುಡ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಶಿಹಾಬ್ ಮರಗೆಲಸದವರು. ಮಾವ ಉಳ್ಳಾಲದಲ್ಲಿ ದೋಣಿ ರಿಪೇರಿ ಮಾಡುತ್ತಿದ್ದವರು, ಕೈಕೆಲಸ ಅಲ್ಲಿಂದ ಬಂದದ್ದು. ಇಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆರು ವರ್ಷ ಬಾಗಿಲು, ಕಪಾಟು ಮಾಡುತ್ತಿದ್ದರು. ವೀಸಾ ಕೊಟ್ಟ ಆ ಕಫೀಲ್ ಈಗ ಅಂಗಡಿ ಮುಚ್ಚುತ್ತಿದ್ದಾನೆ. ಇಕಾಮಾ, ಇಲ್ಲಿರಲು ಬೇಕಾದ ಪರವಾನಗಿ, ಈ ತಿಂಗಳ ಕೊನೆಗೆ ಮುಗಿಯುತ್ತದೆ. ಶಿಹಾಬರ ಇಕಾಮಾ ಹೋದರೆ ನನ್ನದೂ ಮಗಳದ್ದೂ ಅದರ ಹಿಂದೆಯೇ ಹೋಯಿತು. ಅಷ್ಟರಲ್ಲಿ ಸಿಕ್ಕಿದವರು ಬೂ ನಾಸರ್. ಅರವತ್ತು ದಾಟಿದ ಕುವೈತಿ. ಕಬ್ದ್ ಎನ್ನುವಲ್ಲಿ ಅವರ ತೋಟ ಉಂಟು. ತೋಟ ಎಂದರೆ ನಮ್ಮ ಕಡೆಯ ತೋಟ ಎಣಿಸಬೇಡ. ಮರಳಿಗೆ ಕಂಪೌಂಡ್ ಕಟ್ಟಿ ಒಳಗೆ ಒಂದಿಷ್ಟು ಕುರಿ, ನಾಲ್ಕು ಖರ್ಜೂರದ ಮರ, ಕೂರಲು ಒಂದು ಟೆಂಟು. ಅಲ್ಲಿ ಅವರ ಗಿಡುಗ. ಹೆಸರು ದಾನಾ. ದಾನಾ ಎಂದರೆ ದೊಡ್ಡ ಮುತ್ತು ಎಂದು ಅರ್ಥವಂತೆ, ಅವರ ಅಜ್ಜ ಮುತ್ತು ತೆಗೆಯಲು ಸಮುದ್ರಕ್ಕೆ ಹೋಗುತ್ತಿದ್ದವರು.

ಬೇಸಿಗೆಯಲ್ಲಿ ಈ ಗಿಡುಗಗಳು ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ. ನಿನಗೆ ಇದನ್ನೆಲ್ಲ ನಾನು ಹೇಳುವುದೆಂದರೆ ನಗು ಬರುತ್ತದೆ. ಆ ತಿಂಗಳುಗಳಲ್ಲಿ ಕಾಲಿಗೆ ಹಗ್ಗ ಕಟ್ಟದೆ, ತಂಪಾದ ಕೋಣೆಯೊಂದರಲ್ಲಿ ಬಿಟ್ಟುಬಿಡಬೇಕು. ದಾನಾಳ ಹಳೆಯ ಕೋಣೆಗೆ ಗೆದ್ದಲು ಹಿಡಿದು ಒಂದು ಗೋಡೆ ಪುಡಿಯಾಗಿತ್ತು. ಈ ಮರಳಲ್ಲೂ ಗೆದ್ದಲು ಉಂಟು ಎಂದು ನನಗೆ ಗೊತ್ತೇ ಇರಲಿಲ್ಲ. ಬೂ ನಾಸರ್ ಅದನ್ನು ಕೆಡವಿ, ಹೊಸತು ಕಟ್ಟಲು ಶಿಹಾಬರಿಗೆ ಹೇಳಿದರು. ಕೋಣೆ ಸರಿಯಾದರೆ ಇಕಾಮಾ ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ, ಹಕ್ಕಿಯನ್ನು ನೋಡಿಕೊಂಡು ತೋಟದಲ್ಲೇ ಕೆಲಸಕ್ಕಿರು ಎಂದರು. ಅವರು ಇವತ್ತು ಸಂಜೆಯ ವಿಮಾನಕ್ಕೆ ಹೆಂಡತಿಯ ಮೊಣಕಾಲಿನ ಆಪರೇಷನ್ನಿಗೆಂದು ಜರ್ಮನಿಗೆ ಹೋಗುತ್ತಿದ್ದಾರೆ. ಬರುವುದು ಆಗಸ್ಟ್ ಕೊನೆಗೆ. ಅದಕ್ಕೇ ಬೆಳಿಗ್ಗೆ ಐದಕ್ಕೆ, ಬಿಸಿಲು ಏರುವ ಮೊದಲು, ಮನೆಯಿಂದ ದಾನಾಳನ್ನು ತಂದು ತಮ್ಮ ಕೈಯಿಂದಲೇ ಒಳಗೆ ಬಿಟ್ಟು ಹೋಗಬೇಕೆಂದಿದ್ದಾರೆ.

ಕೆಲಸ ಒಪ್ಪಿಸಿದ ದಿನ ಅವರು ಹೇಳಿದ ಮಾತನ್ನು ಶಿಹಾಬ್ ಮನೆಗೆ ಬಂದು ಅವರ ಹಾಗೆಯೇ ನಿಂತು ಹೇಳಿ ತೋರಿಸಿದರು. ಅರಬಿ, ಹಿಂದಿ ಎರಡೂ ಬೆರೆಸಿ, ಒಂದು ಬೆರಳು ಎತ್ತಿ. "ಯೇ ಮೇರಾ ಘರ್ ನಹೀ, ದಾನಾ ಕಾ ಘರ್. ಮಾಫಿ ಗಲ್ತಿ." ಇದು ನನ್ನ ಮನೆಯಲ್ಲ, ದಾನಾಳದ್ದು, ತಪ್ಪು ಆಗಬಾರದು. ಅವರ ಮೊದಲಿನ ಗಿಡುಗ ಹೋದದ್ದು ಇಷ್ಟೇ ಸಣ್ಣ ತಪ್ಪಿನಿಂದ. ಕೆಲಸದವನೊಬ್ಬ ನೀರಿನ ಪಾತ್ರೆ ಇಡಲು ಬಾಗಿಲು ತೆರೆದನಂತೆ. ಹಕ್ಕಿ ಅವನ ಹೆಗಲ ಮೇಲಿನಿಂದ ಹೊರಗೆ ಹೋಯಿತು. ಏಳು ದಿನ ಮರುಭೂಮಿಯಲ್ಲಿ ಹುಡುಕಿದರಂತೆ. ಹೇಳುವಾಗ ಅವರು ಆ ಕೆಲಸದವನನ್ನು ಬೈಯಲಿಲ್ಲವಂತೆ, ಒಂದೇ ಬಾಗಿಲು ಇಟ್ಟ ತಮ್ಮನ್ನೇ ಬೈದುಕೊಂಡರಂತೆ.

ಆ ರಾತ್ರಿಯಿಂದ ಹಕ್ಕಿಮನೆಯ ಹುಚ್ಚು ನನಗೆ ಹಿಡಿಯಿತು. ಹೇಗೂ ನಿದ್ದೆ ಇಲ್ಲ. ಮಿನ್ಹಾ, ನನ್ನ ಮಗಳು, ರಾತ್ರಿ ನಾಲ್ಕು ಸಲ ಹಾಲಿಗೆ ಏಳುತ್ತಾಳೆ. ಒಂದು ಕೈಯಲ್ಲಿ ಅವಳು, ಇನ್ನೊಂದು ಕೈಯಲ್ಲಿ ಫೋನು. ಮೊದಲು ಮಗುವಿನ ಉಸಿರು, ಮಗುವಿನ ಜ್ವರ, ಮಗು ಮಗ್ಗುಲಾಗಿ ಮಲಗಿದರೆ ಏನಾಗುತ್ತದೆ ಎಂದು ಓದಿ ಓದಿ ಹೆದರುತ್ತಿದ್ದೆ. ಈಗ ಗಿಡುಗದ ಬಗ್ಗೆ ಓದಿ ಹೆದರತೊಡಗಿದೆ. ತಂತಿಬಲೆ ಹಾಕಬಾರದು, ಹಕ್ಕಿ ಬೆದರಿ ಬಲೆಯನ್ನು ಹಿಡಿದು ನೇತಾಡಿದರೆ ಗರಿ ಮುರಿಯುತ್ತದೆ. ಗೋಡೆಯ ಒಳಬದಿಗೆ ಮರದ ಪಟ್ಟಿಗಳನ್ನು ಉದ್ದುದ್ದಕ್ಕೆ ನಿಲ್ಲಿಸಬೇಕು, ನಡುವಿನ ಸಂದಿಯಲ್ಲಿ ತಲೆ ತೂರಬಾರದು. ಪಟ್ಟಿಯ ಅಂಚು ದುಂಡಗಿರಬೇಕು. ನೆಲಕ್ಕೆ ಮರದ ಹೊಟ್ಟು, ಹುಲ್ಲು ಬೇಡ, ಬೂಸ್ಟು ಹಿಡಿದರೆ ಹಕ್ಕಿಯ ಎದೆಗೆ ಹೋಗುತ್ತದೆ, ತೊಳೆದ ಸಣ್ಣ ಕಲ್ಲು ಹಾಕಬೇಕು. ಎ.ಸಿ.ಯ ಗಾಳಿ ನೇರ ಮೈಗೆ ಬೀಳಬಾರದು. ಬಾಗಿಲು ಎರಡು ಇರಬೇಕು, ಒಂದು ಮುಚ್ಚಿ ಚಿಲಕ ಹಾಕದೆ ಇನ್ನೊಂದು ತೆರೆಯಬಾರದು, ಎರಡೂ ಒಳಕ್ಕೇ ತೆರೆಯಬೇಕು. ಹಕ್ಕಿ ನುಗ್ಗಿ ಬಂದು ಹೊಡೆದರೂ ಬಾಗಿಲು ಮುಚ್ಚಿಕೊಳ್ಳಬೇಕೇ ಹೊರತು ತೆರೆದುಕೊಳ್ಳಬಾರದು.

ಇದನ್ನೆಲ್ಲ ಮಗುವಿನ ಚುಚ್ಚುಮದ್ದಿನ ಕಾರ್ಡು ಇಟ್ಟ ಲಕೋಟೆಯ ಹಿಂದೆ ಚಿತ್ರ ಬರೆದು ಶಿಹಾಬರಿಗೆ ಕೊಟ್ಟೆ. ಅವರು ನೋಡಿ ನಕ್ಕರು. "ಎಂತ ಮಾರಾಯ್ತಿ, ಇದು ಹಕ್ಕಿಗೋ, ಮದುಮಗಳಿಗೋ?" ಎಂದರು. ನಾನೂ ಬಿಡಲಿಲ್ಲ. ಸ್ವಂತ ಮಗುವಿಗೆ ತೊಟ್ಟಿಲು ಮಾಡಿಕೊಡಲು ಎಂಟು ತಿಂಗಳಿಂದ ಪುರುಸೊತ್ತಿಲ್ಲದವರು ಹಕ್ಕಿಗೆ ಅರಮನೆ ಕಟ್ಟುವಾಗ ಬಾಯಿ ಮುಚ್ಚಿ ಕಟ್ಟಬೇಕು ಎಂದೆ. ಹೇಳಿದ ಹಾಗೆಯೇ ಕಟ್ಟಿದರು ರಾಜಿ. ಒಂದೊಂದು ಪಟ್ಟಿಯ ಅಂಚನ್ನೂ ಕೈಯಲ್ಲೇ ಉಜ್ಜಿದರು. ಒಂದು ಮೊಳೆಯ ತಲೆಯೂ ಹೊರಗೆ ಕಾಣುವುದಿಲ್ಲ.

ಆಮೇಲೆ ಗೆದ್ದಲಿನ ಪ್ರಶ್ನೆ ಬಂತು. ವರ್ಕ್‌ಶಾಪಿನ ಸಫೀರ್ ಅಂಗಡಿಯಿಂದ ಒಂದು ಡಬ್ಬಿ ಔಷಧಿ ತಂದ. ಅದರ ಮೇಲೆ ತಲೆಬುರುಡೆಯ ಗುರುತು. ಶಿಹಾಬ್ ಅದರ ಫೋಟೊ ಕಳುಹಿಸಿ ಬಳಿಯಬಹುದಾ ಎಂದು ಕೇಳಿದರು. ಆ ತಲೆಬುರುಡೆ ನೋಡಿದ ತಕ್ಷಣ ಕರೆ ಮಾಡಿದೆ. ಬೇಡವೇ ಬೇಡ, ವಿಷ ಹಾಕಬೇಡಿ, ಹಕ್ಕಿ ಸಾಯುತ್ತದೆ ಎಂದು ಫೋನಿನಲ್ಲೇ ಕೂಗಾಡಿದೆ. ಶಿಹಾಬ್ ಗಾಬರಿಯಾದರು. ಹಾಗಾದರೆ ಎಂತ ಹಾಕುವುದು ಎಂದರು. ಆಗ ನಾನು ಹೇಳಿದೆ. ನಿಮ್ಮ ಅಪ್ಪ ದೋಣಿಗೆ ಎಂತ ಹಾಕುತ್ತಿದ್ದರು? ಗೇರೆಣ್ಣೆ. ಅದನ್ನೇ ಹಾಕಿ. ಅದು ಔಷಧಿ ಅಲ್ಲ, ಮರದ್ದೇ ಎಣ್ಣೆ.

ಶಿಹಾಬರಿಗೆ ಖುಷಿಯೋ ಖುಷಿ. ಊರಿನಿಂದ ಕಾರ್ಗೋದಲ್ಲಿ ಕುಚ್ಚಲಕ್ಕಿ, ಉಪ್ಪಿನಕಾಯಿಯ ಜೊತೆ ಮಾವ ಎರಡು ಕ್ಯಾನ್ ಕಳುಹಿಸಿದರು. ಅಪ್ಪನ ದೋಣಿ ಇಪ್ಪತ್ತು ವರ್ಷ ಉಪ್ಪುನೀರಿನಲ್ಲಿ ನಿಂತದ್ದು ಈ ಎಣ್ಣೆಯಿಂದ ಎಂದು ಬೂ ನಾಸರಿಗೆ ಹೇಳಿದರಂತೆ. ಸಮುದ್ರದ ಮಾತು ಕೇಳಿ ಅವರಿಗೂ ಹಿಡಿಸಿತು. ಸೀಮೆಎಣ್ಣೆ ಬೆರೆಸಿ ಗೋಡೆಗೆ, ಪಟ್ಟಿಗಳಿಗೆ, ಹಕ್ಕಿ ಕೂರುವ ಹಲಗೆಗೆ, ಎಲ್ಲದಕ್ಕೂ ಎರಡೆರಡು ಸಲ ಬಳಿದರು. ಎರಡನೆಯದು ಮಂಗಳವಾರ. ಇಲ್ಲಿಯ ಬಿಸಿಲಿಗೆ ಒಂದೇ ದಿನಕ್ಕೆ ಒಣಗಿತು ಎಂದರು. ಬುಧವಾರ ಎ.ಸಿ. ಹಾಕಿ ಬಾಗಿಲು ಮುಚ್ಚಿದರು.

ರಾಜಿ, ನಾನು ಬಿ.ಎಸ್ಸಿ. ಕೆಮಿಸ್ಟ್ರಿ ಓದಿದವಳು. ಆ ಎಣ್ಣೆಯಲ್ಲಿ ಏನಿದೆ ಎಂದು ಪರೀಕ್ಷೆಯಲ್ಲಿ ಬರೆದವಳು. ಅದಕ್ಕಿಂತ ಹೆಚ್ಚಾಗಿ, ನಿನ್ನ ಅಮ್ಮನ ಕೈ ನೋಡಿದವಳು.

ಎರಡನೇ ಪಿಯುಸಿಯ ದಸರಾ ರಜೆಗೆ ನನ್ನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ, ನೆನಪುಂಟಾ? ಅಮ್ಮ ಗೇರುಬೀಜದ ಕಾರ್ಖಾನೆಯಿಂದ ಬಂದವರೇ ಬೂದಿ ತಿಕ್ಕಿ ತಿಕ್ಕಿ ಕೈ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ನನಗೆ ಎಲೆ ಹಾಕಿ ಮೂಡೆ ಕಡುಬು ಬಡಿಸಿದರು. ಬೆರಳ ತುದಿಗಳು ಕಪ್ಪು, ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಗುಲಾಬಿ ಬಣ್ಣ. ನಾನು ಆ ಕೈಯನ್ನೇ ನೋಡುತ್ತ ಕೂತೆ. ಅವರಿಗೆ ಗೊತ್ತಾಯಿತು. "ಇದು ಕೊಳೆ ಅಲ್ಲ ಮಗಾ, ಗೇರಿನ ಎಣ್ಣೆ ಸುಟ್ಟದ್ದು. ನೀನು ಹೆದರದೆ ಉಣ್ಣು" ಎಂದರು. ಮತ್ತೆ ಬಡಿಸುವಾಗ ಚಮಚ ಹಿಡಿದುಕೊಂಡರು. ನನಗೆ ಆ ಚಮಚ ಇವತ್ತಿಗೂ ಚುಚ್ಚುತ್ತದೆ. ಅಷ್ಟು ನೋಡಿದ ನಾನು, ಇಪ್ಪತ್ತೆಂಟು ವರ್ಷದ ಹೆಂಗಸು, ಮರದ್ದೇ ಎಣ್ಣೆ, ಏನೂ ಆಗುವುದಿಲ್ಲ ಎಂದು ಹೇಳಿದ್ದು ಹೇಗೆ? ಊರಿನದೆಂದರೆ ಒಳ್ಳೆಯದೇ ಎಂದು ನನ್ನ ತಲೆಯಲ್ಲಿ ಯಾರು ತುಂಬಿದರು? ಇಲ್ಲಿ ಐದು ವರ್ಷ ಕೂತು ಊರಿನ ಅಕ್ಕಿ, ಊರಿನ ಎಣ್ಣೆ, ಊರಿನ ಮೆಣಸು ಎಂದು ಕಾದು ಕಾದು ಹಾಗಾಯಿತೋ ಏನೋ.

ಅಂಗಡಿಯ ವಿಷಕ್ಕೆ ನಾನು ಅಷ್ಟು ಹೆದರಿದ್ದು ಯಾಕೆಂದೂ ನಿನಗೆ ಹೇಳಬೇಕು. ಹತ್ತು ವರ್ಷ ಹೇಳದೆ ಇಟ್ಟದ್ದು. ನಿನ್ನಿಂದ ಉತ್ತರ ಕೇಳುವ ಮೊದಲು ಇದನ್ನು ಹೇಳದಿದ್ದರೆ ಅದೂ ಒಂದು ಮೋಸವೇ.

ಹಾಸ್ಟೆಲಿನ ಟೆರೇಸಿನಲ್ಲಿ ನೀನು ಸಾಕಿದ ಹದ್ದಿನ ಮರಿ. ತೆಂಗಿನಮರ ಕಡಿದಾಗ ಬಿದ್ದದ್ದನ್ನು ನೀನು ದುಪ್ಪಟ್ಟಾದಲ್ಲಿ ಸುತ್ತಿ ತಂದಿದ್ದೆ. ಪೆಟ್ಟಿಗೆ ಮಾಡಿದವಳು ನಾನು. ನೀನು ಮೀನು ಬಿಡಿಸಿ ಬಿಡಿಸಿ ತಿನ್ನಿಸುತ್ತಿದ್ದೆ. ಮೀನಿನ ವಾಸನೆಗೆ ಇರುವೆ ಮುತ್ತಿತು. ನೀನು ರಾತ್ರಿಯೆಲ್ಲ ಕೂತು ಒಂದೊಂದನ್ನೇ ತೆಗೆದೆ, ಯಾವ ಪುಡಿಯನ್ನೂ ಹಾಕಬೇಡ ಎಂದು ನನಗೆ ಹೇಳಿದ್ದೆ. ಮರುದಿನ ನಿನಗೆ ಪ್ರಾಕ್ಟಿಕಲ್ ಇತ್ತು. ನೀನು ಸ್ವಲ್ಪ ಮಲಗಲಿ ಎಂದು ನಾನು ಸ್ಟೋರಿನಿಂದ ಇರುವೆಪುಡಿ ತಂದು ಪೆಟ್ಟಿಗೆಯ ತಳಕ್ಕೆ ಹಾಕಿ ಮೇಲಿಂದ ಪೇಪರ್ ಹಾಸಿದೆ. ಎರಡು ದಿನಕ್ಕೆ ಮರಿ ಸತ್ತಿತು. ನೀನು ಮುಳ್ಳು ಸಿಕ್ಕಿ ಸತ್ತಿತು, ನಾನೇ ಕೊಂದೆ ಎಂದು ಅತ್ತೆ. ಆ ಕೈಯಿಂದ ತಿಂಗಳುಗಟ್ಟಲೆ ಮೀನು ಮುಟ್ಟಲಿಲ್ಲ. ನಾನು ನಿನ್ನ ಬೆನ್ನು ಸವರುತ್ತ, ನಿನ್ನ ತಪ್ಪಲ್ಲ ಬಿಡು ಎಂದೆ. ತಪ್ಪು ಯಾರದು ಎಂದು ಹೇಳಲಿಲ್ಲ. ಆ ಮರಿಯ ನೆಪದಲ್ಲೇ ನೀನು ಬೀದರಿಗೆ ಹೋಗಿ ಪಶುವೈದ್ಯಳಾದೆ ಎಂದು ಸ್ಟ್ಯಾನಿ ಹೇಳಿದ. ಈಗ ಗಾಳಿಪಟದ ದಾರಕ್ಕೆ ಸಿಕ್ಕಿದ ಹದ್ದುಗಳ ರೆಕ್ಕೆ ಹೊಲಿಯುತ್ತೀಯಂತೆ. ನಿನ್ನ ಸಂದೇಶ ಬಂದಾಗಲೆಲ್ಲ ನನಗೆ ಆ ಪೇಪರು ಕಾಣುತ್ತಿತ್ತು. ಅದಕ್ಕೇ ಉತ್ತರಿಸಲಿಲ್ಲ. ಕೊಬ್ಬು, ಮದುವೆಯಾಗಿ ಗಲ್ಫಿಗೆ ಹೋದಳಲ್ಲ ಎಂದು ನೀನು ಎಣಿಸಿರಬಹುದು. ಅದಲ್ಲ.

ಕ್ಷಮಿಸು ಎಂದು ಈಗ ಕೇಳುವುದಿಲ್ಲ. ಅದಕ್ಕೆ ಬೇರೆ ದಿನ ಬೇಕು. ಈಗ ಹಕ್ಕಿಯ ವಿಷಯ.

ನಿನ್ನೆ ಶುಕ್ರವಾರ ನಾವು ಮೂವರೂ ಕಬ್ದಿಗೆ ಹೋಗಿದ್ದೆವು. ಬೂ ನಾಸರ್ ಕೋಣೆ ಪರೀಕ್ಷೆ ಮಾಡಲು ಬಂದಿದ್ದರು, ದಾನಾಳನ್ನೂ ಕಾರಿನಲ್ಲಿ ತಂದಿದ್ದರು. ಅವರು ಎರಡೂ ಬಾಗಿಲು ಹಾಕಿಸಿಕೊಂಡು ಒಬ್ಬರೇ ಅರ್ಧ ಗಂಟೆ ಒಳಗೆ ಕೂತರು, ತಂಪು ಸರಿಯಾಗಿ ಬರುತ್ತದಾ ಎಂದು ನೋಡಲು. ಆಮೇಲೆ ಪ್ರತಿಯೊಂದು ಪಟ್ಟಿಯನ್ನೂ ಅಂಗೈಯಿಂದ ಮೇಲಿಂದ ಕೆಳಗೆ ಸವರಿದರು, ಸಿಬಿರು ಉಂಟಾ ಎಂದು. ಹೊರಗೆ ಬಂದು ಶಿಹಾಬರ ಬೆನ್ನು ತಟ್ಟಿ, "ಖಲಾಸ್. ಕಲ್ ಸುಬಹ್ ದಾನಾ ಆಯೇಗಿ" ಎಂದರು, ಮುಗಿಯಿತು, ನಾಳೆ ಬೆಳಿಗ್ಗೆ ದಾನಾ ಬರುತ್ತಾಳೆ ಎಂದು. ಶಿಹಾಬರ ಮುಖವನ್ನು ನೀನು ನೋಡಬೇಕಿತ್ತು. ಆರು ವರ್ಷದಲ್ಲಿ ಅವರ ಕೆಲಸ ನೋಡಿ ಯಾರೂ ಬೆನ್ನು ತಟ್ಟಿರಲಿಲ್ಲ.

ಟೆಂಟಿನಲ್ಲಿ ದಾನಾ ಊಟ ಮಾಡುವುದನ್ನು ನಾನು ಒಂದು ಮೊಳ ದೂರದಿಂದ ನೋಡಿದೆ. ಕ್ವೇಲ್ ಹಕ್ಕಿಯ ಮಾಂಸ. ತಿಂದು ಮುಗಿಸಿ ಕೊಕ್ಕನ್ನು ಕೂತ ಜಾಗಕ್ಕೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿತು, ನಾವು ಚಾಕು ಮಸೆಯುವ ಹಾಗೆ. ಮಿನ್ಹಾ ನಕ್ಕಳು. ನಾನೂ ನಕ್ಕೆ. ಈಗ ಈ ಅಡುಗೆಕೋಣೆಯಲ್ಲಿ ಕೂತು ಅದೊಂದೇ ಕಣ್ಣಮುಂದೆ ಬರುತ್ತಿದೆ. ಇವತ್ತಿನಿಂದ ಅದು ಆ ಹಲಗೆಗೇ ಕೊಕ್ಕು ಒರೆಸುತ್ತದೆ, ದಿನಕ್ಕೆ ಎಷ್ಟು ಸಲವೋ. ಬರಿಗಾಲಿನಲ್ಲಿ ಅದೇ ಹಲಗೆ ಹಿಡಿದು ಕೂರುತ್ತದೆ. ಚರ್ಮ ಸೀಳಿ ಬರುವ ಎಳೆಯ ಗರಿಗಳನ್ನು ಅದೇ ಕೊಕ್ಕಿನಿಂದ ತಿದ್ದಿಕೊಳ್ಳುತ್ತದೆ. ಕಿಟಕಿಯಿಲ್ಲದ ತಂಪು ಕೋಣೆ, ಮೂರು ತಿಂಗಳು. ನಿನ್ನೆ ಒಳಗೆ ಹೋದಾಗ ಮೂಗಿಗೆ ಖಾರವಾದದ್ದೊಂದು ವಾಸನೆ ಬಂತು. ಹೊಸ ಮರದ್ದು ಎಂದರು ಶಿಹಾಬ್. ನಾನು ಹೂಂ ಎಂದೆ.

ಎದ್ದ ಮೇಲೆ ಮೊದಲು ಮಗಳ ಮೈಯನ್ನು ಬೆಳಕಿನಲ್ಲಿ ಇಂಚಿಂಚು ನೋಡಿದೆ. ಅವರು ಬಳಿದ ದಿನ ಅದೇ ಅಂಗಿಯಲ್ಲಿ ಅವಳನ್ನು ಎತ್ತಿಕೊಂಡಿದ್ದರು. ಏನೂ ಇಲ್ಲ. ಆದರೂ ಎರಡು ಸಲ ನೋಡಿದೆ. ಆಮೇಲೆ ಫೋನಿನಲ್ಲಿ ಹುಡುಕಿದೆ. ಮನುಷ್ಯರ ಚರ್ಮಕ್ಕೆ ಆಗುವುದು ಉಂಟು. ಗಿಣಿಗೆ ಗೋಡಂಬಿ ಕೊಡಬಹುದಾ ಎಂಬುದೂ ಉಂಟು. ಗಿಡುಗದ ಕಾಲಿಗೆ ಗೇರೆಣ್ಣೆ ಎಂದು ಲೋಕದಲ್ಲಿ ಯಾರೂ ಬರೆದಿಲ್ಲ. ಯಾರು ಬರೆಯುತ್ತಾರೆ? ಗಿಡುಗ ಸಾಕುವವರಿಗೆ ಈ ಎಣ್ಣೆ ಗೊತ್ತಿಲ್ಲ, ಎಣ್ಣೆ ಬಳಿಯುವವರು ಗಿಡುಗ ಸಾಕುವುದಿಲ್ಲ. ಎರಡೂ ಗೊತ್ತಿರುವ ಮನುಷ್ಯರೆಂದರೆ ನನ್ನ ಮಟ್ಟಿಗೆ ನೀನೊಬ್ಬಳೇ.

ವರ್ಕ್‌ಶಾಪಿನಿಂದ ತಂದ ತುಂಡು ಹಲಗೆಯೊಂದು ಮನೆಯಲ್ಲಿತ್ತು, ಅದೇ ಎಣ್ಣೆ ಬಳಿದದ್ದು. ಅದನ್ನು ಮೊಣಕೈಯ ಒಳಬದಿಗೆ ಒತ್ತಿ ಹತ್ತು ನಿಮಿಷ ಕೂತೆ. ಏನೂ ಕಾಣುವುದಿಲ್ಲ. ಕಾಣಲು ಒಂದೆರಡು ದಿನ ಬೇಕು, ಅದೂ ನನಗೆ ಗೊತ್ತು. ಸುಮ್ಮನೆ ಕೂರಲಾಗದೆ ಮಾಡಿದ್ದು.

ಕೊನೆಗೆ ಶಿಹಾಬರನ್ನು ಎಬ್ಬಿಸಿದೆ. ಕೈ ಹಿಡಿದು ತೋರಿಸಿ, ಇದು ಎಂತದು ಎಂದೆ.

"ಎಂತ ಆಗುದಿಲ್ಲ. ಅಪ್ಪನಿಗೆ ವರ್ಷಕ್ಕೆ ಎರಡು ಸಲ ಆಗ್ತಿತ್ತು. ಮಲಗು."

"ಹಕ್ಕಿಯ ಕಾಲಿಗೆ ಆದರೆ?"

ಅವರು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಆಮೇಲೆ, "ಅದರ ಕಾಲು ಕೋಳಿಕಾಲಿನ ಹಾಗೆ ಗಟ್ಟಿ ಅಲ್ವಾ" ಎಂದರು. ನನ್ನನ್ನು ಕೇಳಿದ ಹಾಗಿತ್ತು. ನಾನು, ಬೂ ನಾಸರಿಗೆ ಹೇಳುವ, ಒಂದು ವಾರ ತಡೆಯಿರಿ ಎಂದು ಹೇಳುವ ಎಂದೆ. ಅವರು ಎದ್ದು ಕೂತರು. "ಎಂತ ಹೇಳುದು? ನನ್ನ ಹೆಂಡತಿಗೆ ರಾತ್ರಿ ಹೆದರಿಕೆ ಆಯ್ತು ಅಂತಲಾ? 'ಮಾಫಿ ಗಲ್ತಿ' ಅಂದವರಿಗೆ, ವಿಮಾನ ಹತ್ತುವ ದಿನ? ಸಂಜೆ ಒಳಗೆ ಹಕ್ಕಿಯನ್ನು ಬೇರೆಯವನ ಕೈಗೆ ಕೊಡ್ತಾರೆ ಝುಹ್ರಾ. ಆಮೇಲೆ ನಾವು ಮೂರೂ ಜನ ಟಿಕೆಟ್ ತೆಗೆಯುದೇ." ಸಿಟ್ಟಿನಿಂದ ಹೇಳಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಬಂದಿಲ್ಲ ಎಂದು ಉಸಿರಾಟದಲ್ಲಿ ಗೊತ್ತಾಗುತ್ತಿತ್ತು. ಅವರಿಗೂ ಹೆದರಿಕೆ ಉಂಟು. ಆದರೆ ಅವರು ಬೆಳಿಗ್ಗೆ ಎದ್ದು ಹೋಗುತ್ತಾರೆ, ಉದ್ದ ತೋಳಿನ ಅಂಗಿ ಹಾಕಿಕೊಂಡು, ಬಾಗಿಲು ತೆರೆದುಕೊಡುತ್ತಾರೆ, ಏನೂ ಹೇಳುವುದಿಲ್ಲ. ಹತ್ತು ವರ್ಷದ ಹಿಂದೆ ನಾನು ಹೇಳಲಿಲ್ಲವಲ್ಲ, ಹಾಗೆ. ಅದಕ್ಕೇ ಅವರ ಮೇಲೆ ನನಗೆ ಕೋಪ ಬರುವುದಿಲ್ಲ.

ಅವರು ಹೇಳಿದ್ದು ಸುಳ್ಳೂ ಅಲ್ಲ. ನನ್ನ ಹೆದರಿಕೆಗೆ ಬೆಲೆ ಇಲ್ಲ ರಾಜಿ. ಎಂಟು ತಿಂಗಳಿಂದ ನಾನು ಎಲ್ಲದಕ್ಕೂ ಹೆದರುತ್ತಿದ್ದೇನೆ. ಮಗು ಸೀನಿದರೂ ಶಿಹಾಬರನ್ನು ಎಬ್ಬಿಸಿದ್ದೇನೆ. ಎರಡು ಸಲ ಸುಮ್ಮಸುಮ್ಮನೆ ಆಸ್ಪತ್ರೆಗೆ ಓಡಿದ್ದೇನೆ. ಇದು ನಿಜವಾದ ಹೆದರಿಕೆಯೋ, ನಿದ್ದೆಯಿಲ್ಲದ ತಲೆಯದ್ದೋ ಎಂದು ನನಗೇ ಹೇಳಲಾಗುತ್ತಿಲ್ಲ. ಒಣಗಿದ ಮೇಲೆ ಅದು ನಿರಪಾಯವಾಗಿಬಿಡುತ್ತದೇನೋ. ಊರಿನ ಬಾಗಿಲುಗಳಿಗೆ ನಾವು ಒರಗಿ ಕೂರುವುದಿಲ್ಲವೇ. ಮೇಲೊಂದು ಬಟ್ಟೆ ಸುತ್ತಿದರೆ ಸಾಕೋ, ಹಲಗೆ, ಪಟ್ಟಿ ಎಲ್ಲ ಕಿತ್ತು ಬೇರೆ ಹಾಕಬೇಕೋ, ಬಿಸಿಲಿಗೆ ಇನ್ನೂ ಎಷ್ಟು ದಿನ ತೆರೆದಿಡಬೇಕೋ. ಹಕ್ಕಿಯ ಡಾಕ್ಟರು ಹೇಳಿದರು ಎಂದರೆ ಬೂ ನಾಸರ್ ಕೇಳುತ್ತಾರೆ. ಅರ್ಧ ಗಂಟೆ ಆ ಕೋಣೆಯಲ್ಲಿ ಒಬ್ಬರೇ ಕೂತ ಮನುಷ್ಯ ಅವರು, ಕೇಳಿಯೇ ಕೇಳುತ್ತಾರೆ. ಶಿಹಾಬರಿಗೂ ಹೇಳಲು ಒಂದು ಮಾತು ಸಿಕ್ಕಿದ ಹಾಗಾಗುತ್ತದೆ. ತಪ್ಪನ್ನು ತಾನೇ ಹಿಡಿದು ಹೇಳಿದ ಕೆಲಸಗಾರನನ್ನು ಅವರು ಬಿಟ್ಟರೂ ಬಿಡಬಹುದು, ಇಟ್ಟುಕೊಂಡರೂ ಇಟ್ಟುಕೊಳ್ಳಬಹುದು. ಹೆಂಡತಿಯ ಹೆದರಿಕೆ ಎಂದರೆ ಖಂಡಿತ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ವಿಷಯ ಮಾಡಿದ್ದೇನೆ, ಅದನ್ನೂ ಹೇಳುತ್ತೇನೆ. ಬೂ ನಾಸರರ ಹೆಂಡತಿ ನಿನ್ನೆ ಮಗುವಿಗೆ ಖರ್ಜೂರ ಕೊಟ್ಟು ನನ್ನ ನಂಬರು ತೆಗೆದುಕೊಂಡಿದ್ದರು. ಅವರಿಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಿಟ್ಟಿದ್ದೇನೆ. ದಯವಿಟ್ಟು ಇವತ್ತು ದಾನಾಳನ್ನು ತರಬೇಡಿ, ಎಣ್ಣೆ ಇನ್ನೂ ಸುಡುತ್ತಿರಬಹುದು, ತಪ್ಪು ನನ್ನ ಗಂಡನದಲ್ಲ, ನನ್ನದು ಎಂದು. ಕಳುಹಿಸಿಲ್ಲ. ಕಳುಹಿಸಿದರೆ ಗಂಡನ ಬೆನ್ನ ಹಿಂದೆ ಅವರ ಅನ್ನದ ಮೇಲೆ ಕಲ್ಲು ಹಾಕಿದ ಹಾಗೆ. ಶಿಹಾಬ್ ನನ್ನನ್ನು ಬೈಯುವುದಿಲ್ಲ, ಅದೇ ಕಷ್ಟ. ಕಳುಹಿಸದಿದ್ದರೆ ಏನು ಎಂದು ನಿನಗೆ ಹೇಳಬೇಕಾಗಿಲ್ಲ. ಶಿಹಾಬರ ಮೂರೂವರೆಯ ಅಲಾರಂ ಆಫ್ ಮಾಡಿದ್ದೇನೆ, ಹುಚ್ಚಿಯ ಹಾಗೆ. ಕೆಳಗಿನ ಮಸೀದಿಯ ಬಾಂಗನ್ನು ಆಫ್ ಮಾಡಲಾರೆ. ಅದು ಮೂರೂವರೆಗೆ ಮುಂಚೆಯೇ ಆಗುತ್ತದೆ. ಅವರು ಎದ್ದು ನಮಾಜು ಮುಗಿಸಿ, ನಾಲ್ಕಕ್ಕೆ ಗಾಡಿ ತೆಗೆಯುತ್ತಾರೆ.

ನೀನು ಫೋನ್ ಮಾಡಿದರೆ ಆ ಮೂರು ಸಾಲು ಅಳಿಸುತ್ತೇನೆ. ಫೋನನ್ನು ಅವರ ಕೈಗೇ ಕೊಡುತ್ತೇನೆ, ನೀನೇ ಹೇಳು. ತುಳುವಿನಲ್ಲಿ ಹೇಳಿದರೂ ಅವರಿಗೆ ತಿಳಿಯುತ್ತದೆ. ಏನೂ ಆಗುವುದಿಲ್ಲ, ಬಿಡಬಹುದು ಎಂದು ನೀನಂದರೆ ನಾನು ಮಗಳ ಪಕ್ಕ ಹೋಗಿ ಮಲಗುತ್ತೇನೆ, ದಿನವಿಡೀ ಮಲಗುತ್ತೇನೆ. ಬಿಡಬಾರದು ಎಂದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕಬ್ದಿಗೆ ಹೋಗಿ ಬಾಗಿಲಲ್ಲಿ ನಿಂತು ಹೇಳುತ್ತೇವೆ. ನೀನು ಮಾಡದಿದ್ದರೆ, ಅವರು ಮೆಟ್ಟಿಲಿಳಿದ ಮೇಲೆ ಆ ಮೂರು ಸಾಲನ್ನು ಕಳುಹಿಸುತ್ತೇನೆ. ಈ ಸಲ ಪೇಪರ್ ಹಾಸಿ ಮುಚ್ಚುವುದು ನನ್ನಿಂದಾಗುವುದಿಲ್ಲ. ಆದರೆ ಅವರನ್ನು ಬಿಟ್ಟು, ಕದ್ದು ಕಳುಹಿಸುವ ಹಾಗೆ ಮಾಡಬೇಡ ರಾಜಿ.

ನನ್ನ ಜೊತೆ ಮಾತಾಡಲು ನಿನಗೆ ಮನಸ್ಸಿಲ್ಲದಿರಬಹುದು. ಆ ಮರಿಯ ವಿಷಯ ಓದಿದ ಮೇಲೆ ಇರಲಿಕ್ಕೂ ಇಲ್ಲ. ಹಾಗಾದರೆ ಹಲೋ ಎನ್ನಬೇಡ, ಹೇಗಿದ್ದೀ ಎಂದು ಕೇಳಬೇಡ. ಒಂದೇ ಒಂದು ಮಾತು ಹೇಳಿ ಫೋನ್ ಇಟ್ಟುಬಿಡು, ನಾನು ಮತ್ತೆ ಮಾಡುವುದಿಲ್ಲ. ಅಮ್ಮನಿಗೆ ನನ್ನ ಸಲಾಂ ಹೇಳು, ನಿನಗೆ ಬೇಕೆನಿಸಿದರೆ ಮಾತ್ರ. ನಿನ್ನ ಕೈಗೆ ಬಂದ ಹಕ್ಕಿಗಳೆಲ್ಲ ರೆಕ್ಕೆ ಕೂಡಿ ಹಾರಿಹೋಗಲಿ, ದೇವರು ನಿನ್ನ ಕೈಯನ್ನು ಚೆನ್ನಾಗಿಟ್ಟಿರಲಿ.

ಇಲ್ಲಿ ಮೂರು ಗಂಟೆ ಎಂಟು ನಿಮಿಷ. ನಿನ್ನಲ್ಲಿ ಬೆಳಕು ಹರಿಯುವ ಹೊತ್ತು, ನೀನು ಏಳುವ ಹೊತ್ತು. ನನ್ನ ಬೆಳಗಾಗುವ ಮೊದಲು ಫೋನ್ ಮಾಡು. ರಿಂಗ್ ಆಗುವ ಮೊದಲೇ ಎತ್ತುತ್ತೇನೆ, ಫೋನು ಕೈಯಲ್ಲೇ ಉಂಟು.

ನಿನ್ನ ಪಕ್ಕದ ಮಂಚದವಳು,
ಝುಹ್ರಾ